ಹಳೆಯ ಮಾಡೆಲ್ 70ರ ನಳಿಗೆ ಬದಲಿಸಬೇಕೇ, ಅಥವಾ ನಾನೇ ಇನ್ನೂರು ಗಜ ಹತ್ತಿರ ಹೋಗಬೇಕೇ?

ಕಣಿವೆಯ ಕನ್ನಡಿಗ (ಕೊಲರಾಡೊ)

ಎಲ್ಲರಿಗೂ ನಮಸ್ಕಾರ. ನಾನು ಫೋರ್ಟ್ ಕಾಲಿನ್ಸ್‌ನಲ್ಲಿ ಹದಿನಾಲ್ಕು ವರ್ಷಗಳಿಂದ ಇದ್ದೇನೆ. ಬೇಟೆಗೆ ಹೋಗಲು ಆರಂಭಿಸಿ ಆರು ವರ್ಷಗಳಾದವು. ಮೂರು ವರ್ಷಗಳ ಹಿಂದೆ ಪಕ್ಕದ ಮನೆಯ ಹಿರಿಯರೊಬ್ಬರು ಊರು ಬಿಟ್ಟು ಮಗಳ ಮನೆಗೆ ಹೊರಟಾಗ ತಮ್ಮ ವಿಂಚೆಸ್ಟರ್ ಮಾಡೆಲ್ 70 ರೈಫಲನ್ನು ನನಗೆ ಕೊಟ್ಟು ಹೋದರು. ಇಲ್ಲಿನ ನಿಯಮದಂತೆ ಬಂದೂಕಿನ ಅಂಗಡಿಯಲ್ಲಿ ಹಿನ್ನೆಲೆ ಪರಿಶೀಲನೆ ಮಾಡಿಸಿಕೊಂಡೇ ಅದನ್ನು ಪಡೆದೆ. ಅದು 1952ರಲ್ಲಿ ತಯಾರಾದದ್ದು, .30-06 ಕ್ಯಾಲಿಬರಿನದು (ಅದು ಹಾರಿಸುವ ತೋಟೆಯ ಅಳತೆಯ ಹೆಸರು). ಮೇಲಿರುವುದು ನಾಲ್ಕು ಪಟ್ಟು ದೊಡ್ಡದಾಗಿ ತೋರಿಸುವ ಹಳೆಯ ಸ್ಕೋಪ್; ಅದರಲ್ಲಿ ಬರಿಯ ಅಡ್ಡಗೆರೆ ಮತ್ತು ಉದ್ದಗೆರೆ ಮಾತ್ರ ಇವೆ.

ಕಳೆದ ವರ್ಷ ಫ್ಲಾಟ್ ಟಾಪ್ಸ್ ಕಡೆ ಎಲ್ಕ್ (ದೊಡ್ಡ ಜಾತಿಯ ಜಿಂಕೆ) ಬೇಟೆಗೆ ಹೋಗಿದ್ದಾಗ, ಒಂದು ಕಣಿವೆಯ ಆಚೆಯ ಇಳಿಜಾರಿನಲ್ಲಿ ಹೆಣ್ಣು ಎಲ್ಕ್ ಒಂದು ಮೇಯುತ್ತ ನಿಂತಿತ್ತು. ದೂರಮಾಪಕವು 480 ಗಜ ಎಂದು ತೋರಿಸಿತು. ಜೊತೆಗಿದ್ದ ಗೆಳೆಯರು ಹೊಡೆಯುವಂತೆ ಸನ್ನೆ ಮಾಡಿದರು. ನಾನು ಹೊಡೆಯಲಿಲ್ಲ. ಇಳಿದು ಹತ್ತುವಷ್ಟರಲ್ಲಿ ಅದು ಮರಗಳ ನಡುವೆ ಸೇರಿಕೊಂಡಿತು, ಆ ವರ್ಷ ನಮ್ಮ ಮನೆಯ ಫ್ರೀಜರ್ ಖಾಲಿಯೇ ಉಳಿಯಿತು.

ಅಂದಿನಿಂದ ತಲೆಯಲ್ಲಿ ಒಂದೇ ಯೋಚನೆ ಕೊರೆಯುತ್ತಿದೆ. ಕೋವಿ ಕೆಲಸದವರೊಬ್ಬರು ಹಳೆಯ ನಳಿಗೆ ತೆಗೆದು 7 ಎಂಎಂ ಪಿಆರ್‌ಸಿ ಎಂಬ ಬೇರೆ ತೋಟೆಯ ನಳಿಗೆ ಹಾಕಬಹುದು, ಮರದ ಹಿಡಿಕೆಯ ಬದಲು ಸಿಂಥೆಟಿಕ್ ಸ್ಟಾಕ್ ಕೂರಿಸಬಹುದು, ಮೇಲೆ ದೂರಕ್ಕೆ ತಕ್ಕಂತೆ ಗುರಿ ಹೊಂದಿಸುವ ತಿರುಗುಗುಂಡಿಯ ಸ್ಕೋಪ್ ಹಾಕಿದರೆ ಐನೂರು ಗಜ ಕಷ್ಟವಲ್ಲ ಎಂದಿದ್ದಾರೆ. ಎಲ್ಲ ಸೇರಿ ಎರಡೂವರೆ ಸಾವಿರ ಡಾಲರ್ ದಾಟುತ್ತದೆ. ಹಣಕ್ಕಿಂತ ಹೆಚ್ಚಾಗಿ, ಆ ಹಿರಿಯರು ನಲವತ್ತು ವರ್ಷ ಹೊತ್ತು ನಡೆದ ಕೋವಿಯನ್ನು ಹೀಗೆ ಬಿಚ್ಚಿಸುವುದು ಸರಿಯೇ ಎಂಬ ಅಳುಕಿದೆ. ತಿಳಿದವರು ದಯವಿಟ್ಟು ಅಭಿಪ್ರಾಯ ತಿಳಿಸಬೇಕು.

ಲೇತ್ ಮೆಷಿನ್ (ಐಡಾಹೊ)

ನನ್ನ ವೃತ್ತಿ ಮೆಷಿನಿಸ್ಟ್. ರೈಫಲ್ ನಳಿಗೆ ಕೂರಿಸುವುದು ಸಂಜೆಯ ಹವ್ಯಾಸ. ಆದ್ದರಿಂದ ಈ ಕೆಲಸಕ್ಕೆ ವಿರೋಧಿಯಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ನಿಮ್ಮ ಕೈಯಲ್ಲಿರುವುದು ಯಾವ ವಸ್ತುವೆಂಬುದು ನಿಮಗೆ ಪೂರ್ತಿ ತಿಳಿದಿದೆಯೋ ಇಲ್ಲವೋ ಎಂಬ ಅನುಮಾನ ಬಂತು.

ವಿಂಚೆಸ್ಟರ್ ಕಂಪನಿ ಮಾಡೆಲ್ 70ಯನ್ನು 1936ರಲ್ಲಿ ಮಾರುಕಟ್ಟೆಗೆ ತಂದಿತು. 1964ರಲ್ಲಿ ತಯಾರಿಕೆಯ ಖರ್ಚು ತಗ್ಗಿಸಲು ವಿನ್ಯಾಸವನ್ನೇ ಬದಲಿಸಿತು. ತೋಟೆಯ ಅಂಚನ್ನು ಮ್ಯಾಗಜೀನಿನಿಂದ ಮೇಲೇಳುವಾಗಲೇ ಕಚ್ಚಿಕೊಳ್ಳುತ್ತಿದ್ದ ಉದ್ದನೆಯ ಎಕ್ಸ್‌ಟ್ರಾಕ್ಟರ್ (ಖಾಲಿ ತೋಟೆಯನ್ನು ಹೊರಗೆಳೆಯುವ ಕೊಕ್ಕೆ) ಆಗ ಹೋಯಿತು. ಅಮೆರಿಕದ ಬೇಟೆಗಾರರು ಇದನ್ನು ಎಷ್ಟು ಮನಸ್ಸಿಗೆ ಹಚ್ಚಿಕೊಂಡರೆಂದರೆ, ಅದಕ್ಕೂ ಮುಂಚಿನ ಕೋವಿಗಳಿಗೆ ‘ಪ್ರೀ-64’ ಎಂಬ ಹೆಸರೇ ಬಿದ್ದು, ಅವುಗಳಿಗೆ ಇಂದಿಗೂ ಬೇರೆಯೇ ಬೆಲೆ ಇದೆ. ನಿಮ್ಮದು ಆ ಸಾಲಿನದು. ಮೂಲ ನಳಿಗೆ, ಮೂಲ ಮರದ ಸ್ಟಾಕ್ ಇರುವವರೆಗೆ ಮಾತ್ರ ಆ ಬೆಲೆ.

ಈಗ ಕೆಲಸದ ವಿಷಯಕ್ಕೆ ಬರೋಣ. .30-06 ತೋಟೆಯ ಹಿಂಬದಿಯ ಅಂಚಿನ ವ್ಯಾಸ 0.473 ಇಂಚು. 7 ಎಂಎಂ ಪಿಆರ್‌ಸಿಯದು ಮ್ಯಾಗ್ನಮ್ ಅಳತೆ, ಅಂದರೆ 0.532 ಇಂಚು. ಉದ್ದದಲ್ಲಿ ಎರಡೂ ಹೊಂದುತ್ತವೆ, ಅಗಲದಲ್ಲಿ ಹೊಂದುವುದಿಲ್ಲ. ಹಾಗಾಗಿ ನಳಿಗೆ ಬದಲಿಸಿದರೆ ಸಾಲದು. ತೋಟೆಯನ್ನು ಹಿಂದಿನಿಂದ ಹಿಡಿದು ನಳಿಗೆಗೆ ತಳ್ಳುವ ಬೋಲ್ಟಿನ ಮುಖವನ್ನು ಕೊರೆದು ಅಗಲ ಮಾಡಬೇಕು, ಎಕ್ಸ್‌ಟ್ರಾಕ್ಟರನ್ನು ಹೊಂದಿಸಬೇಕು, ಮ್ಯಾಗಜೀನಿನ ಅಂಚುಗಳನ್ನೂ ತಿದ್ದಬೇಕಾಗುತ್ತದೆ. ಕೊರೆದ ಉಕ್ಕು ಮತ್ತೆ ಬೆಳೆಯುವುದಿಲ್ಲ. ನಳಿಗೆ ಬದಲಿಸಲೇಬೇಕೆಂಬ ಹಟವಿದ್ದರೆ .280 ಆಕ್ಲಿ ಇಂಪ್ರೂವ್ಡ್ ಎಂಬ ತೋಟೆಯ ನಳಿಗೆ ಯೋಚಿಸಿ, ಅದರ ಅಂಚು .30-06ರ ಅಂಚೇ ಆದ್ದರಿಂದ ಬೋಲ್ಟನ್ನು ಮುಟ್ಟಬೇಕಾಗಿಲ್ಲ, ಹಳೆಯ ನಳಿಗೆಯನ್ನು ಎಣ್ಣೆ ಹಚ್ಚಿ ಕಟ್ಟಿಟ್ಟರೆ ಮುಂದೊಂದು ದಿನ ಮರಳಿ ಹಾಕಬಹುದು.

ಅದಕ್ಕೂ ಮೊದಲು ದುಡ್ಡಿಲ್ಲದ ಕೆಲಸವೊಂದನ್ನು ಮಾಡಿ ನೋಡಿ. ಪ್ರೀ-64 ಕೋವಿಗಳಲ್ಲಿ ಸ್ಟಾಕಿನ ಮುಂಭಾಗದಿಂದ ನಳಿಗೆಗೆ ನೇರವಾಗಿ ಹೋಗುವ ಒಂದು ತಿರುಪು ಇರುತ್ತದೆ. ಮಳೆ ಬಿಸಿಲಿಗೆ ಮರ ಹಿಗ್ಗಿ ಕುಗ್ಗಿದಂತೆಲ್ಲ ಆ ತಿರುಪು ನಳಿಗೆಯನ್ನು ಕೆಳಕ್ಕೆ ಎಳೆಯುತ್ತದೆ, ಗುಂಡುಗಳು ಚೆದರುತ್ತವೆ. ಅದನ್ನು ಬೆರಳಲ್ಲಿ ತಿರುಗಿಸುವಷ್ಟು ಸಡಿಲಿಸಿ ನೂರು ಗಜದಲ್ಲಿ ಐದು ಗುಂಡು ಹೊಡೆದು, ಮೊದಲಿನ ಹಾಳೆಯ ಪಕ್ಕ ಇಟ್ಟು ನೋಡಿ. ನಾನು ನೋಡಿದ ಮೂರು ಕೋವಿಗಳಲ್ಲಿ ಎರಡು ಇಷ್ಟರಿಂದಲೇ ಸುಧಾರಿಸಿದ್ದವು. ಮೂರನೆಯದರ ಗುರಿ ಇನ್ನೂ ಕೆಟ್ಟಿದ್ದರಿಂದ ತಿರುಪನ್ನು ಮತ್ತೆ ಬಿಗಿದೆ.

ದೂರದ ಗುರಿ (ವಯೋಮಿಂಗ್)

ಇಂಥ ಚರ್ಚೆಯಲ್ಲಿ ನನ್ನಂಥವನನ್ನು ಖಳನಾಯಕನಾಗಿ ನೋಡುವುದು ವಾಡಿಕೆ, ಆದರೂ ಹೇಳುತ್ತೇನೆ. ನಾನು ರೆಮಿಂಗ್ಟನ್ 700 ಒಂದರ ನಳಿಗೆಯನ್ನು ಬದಲಿಸಿ ಐದು ವರ್ಷಗಳಿಂದ ಬಳಸುತ್ತಿದ್ದೇನೆ. ಪ್ರಾಂಗ್‌ಹಾರ್ನ್ (ಜಿಂಕೆಯಂಥ ಬಯಲಿನ ಪ್ರಾಣಿ) ಬೇಟೆಯಾಡುವ ಸೇಜ್ ಬಯಲಿನಲ್ಲಿ ಮೊಣಕಾಲೆತ್ತರದ ಪೊದೆ ಬಿಟ್ಟರೆ ಮರೆಯೇ ಇಲ್ಲ. ‘ಹತ್ತಿರ ಹೋಗಿ’ ಎಂದು ಉಪದೇಶಿಸುವವರು ಅಲ್ಲಿ ಒಮ್ಮೆ ತೆವಳಿ ನೋಡಬೇಕು.

ಲೆಕ್ಕ ಹೀಗಿದೆ. 180 ಗ್ರೇನ್ (ಗುಂಡಿನ ತೂಕದ ಅಳತೆ) ಗುಂಡು ಸೆಕೆಂಡಿಗೆ 2,700 ಅಡಿ ವೇಗದಲ್ಲಿ ಹೊರಡುವ ಸಾಮಾನ್ಯ .30-06 ತೋಟೆಯನ್ನು 200 ಗಜಕ್ಕೆ ಗುರಿ ಕಟ್ಟಿದರೆ, ಅಂದರೆ ಅಷ್ಟು ದೂರದಲ್ಲಿ ಗುಂಡು ಸ್ಕೋಪಿನ ಗೆರೆಗೇ ಬೀಳುವಂತೆ ಹೊಂದಿಸಿದರೆ, ಗುಂಡು 300 ಗಜದಲ್ಲಿ ಸುಮಾರು ಎಂಟೂವರೆ ಇಂಚು, 400ರಲ್ಲಿ ಎರಡು ಅಡಿ, 500ರಲ್ಲಿ ನಾಲ್ಕು ಅಡಿ ಕೆಳಗೆ ಬೀಳುತ್ತದೆ. ಈ ಬೀಳುವಿಕೆ ದೊಡ್ಡ ಸಮಸ್ಯೆಯಲ್ಲ, ಏಕೆಂದರೆ ದೂರಮಾಪಕ ಇರುವಾಗ ಸ್ಕೋಪಿನ ಗುಂಡಿ ತಿರುಗಿಸಿದರೆ ಮುಗಿಯಿತು. ಸಮಸ್ಯೆಯೆಂದರೆ ಗಾಳಿ. ಗಂಟೆಗೆ ಹತ್ತು ಮೈಲಿ ವೇಗದ ಅಡ್ಡಗಾಳಿ ಆ ಗುಂಡನ್ನು 500 ಗಜದಲ್ಲಿ ಹೆಚ್ಚುಕಡಿಮೆ 20 ಇಂಚು ತಳ್ಳಿದರೆ, 7 ಎಂಎಂ ಪಿಆರ್‌ಸಿಯ ಉದ್ದನೆಯ 175 ಗ್ರೇನ್ ಗುಂಡನ್ನು ಸುಮಾರು 12 ಇಂಚು ಮಾತ್ರ ತಳ್ಳುತ್ತದೆ. ಗಾಳಿಯನ್ನು ಅಂದಾಜಿಸುವಲ್ಲಿ ಯಾರಾದರೂ ತಪ್ಪುತ್ತಾರೆ. ತಪ್ಪಿದಾಗ ಕಡಿಮೆ ದಂಡ ಹಾಕುವ ಗುಂಡು ಬೇಕು ಎನ್ನುವುದು ಪ್ರಾಣಿಯ ಹಿತಕ್ಕೂ ಸೇರಿದ ಮಾತಲ್ಲವೇ? ಇನ್ನೂರು ಗಜದಲ್ಲಿ ನಿಂತುಕೊಂಡೇ ಆತುರದಿಂದ ಹೊಡೆದು ಗಾಯಗೊಳಿಸುವವರನ್ನು ಯಾರೂ ಪ್ರಶ್ನಿಸುವುದಿಲ್ಲ.

ಪ್ರೀ-64 ಕೋವಿಯನ್ನು ಕೊರೆಯಬಾರದು ಎಂಬುದನ್ನು ಒಪ್ಪುತ್ತೇನೆ. ಅದನ್ನು ಗೋಡೆಗೆ ತೂಗಿಹಾಕಿ, ಅದೇ ಹಣದಲ್ಲಿ ಕಾರ್ಖಾನೆಯಿಂದಲೇ ಈ ಕ್ಯಾಲಿಬರಿನಲ್ಲಿ ಬರುವ ಹೊಸ ರೈಫಲ್ ಕೊಳ್ಳಿ. ಹಳೆಯದಕ್ಕೆ ಮಾರ್ಪಾಟು ಮಾಡಿಸುವುದಕ್ಕಿಂತ ಅಗ್ಗ.

ಮಿಸ್ಸೌಲಾ ಅಮ್ಮ (ಮೊಂಟಾನಾ)

‘ದೂರದ ಗುರಿ’ಯವರ ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಆ ಲೆಕ್ಕ ಗುಂಡು ತಲುಪುವವರೆಗಿನದು. ತಲುಪಿದ ಮೇಲಿನ ಮಾತನ್ನು ನಾನು ಹೇಳುತ್ತೇನೆ.

ನಾಲ್ಕು ವರ್ಷಗಳ ಹಿಂದೆ ನನ್ನ ಯಜಮಾನರು ಇಂಥದ್ದೇ ಕಣಿವೆಯಾಚೆ 430 ಗಜ ದೂರದ ಗಂಡು ಎಲ್ಕ್‌ಗೆ ಹೊಡೆದರು. ಕೋವಿ ಒಳ್ಳೆಯದು, ಸ್ಕೋಪ್ ಒಳ್ಳೆಯದು, ಕೆಳಗೆ ಚೀಲವಿಟ್ಟು ಮಲಗಿ ಹೊಡೆದದ್ದು. ಎಲ್ಕ್ ಒಮ್ಮೆ ಬೆನ್ನು ಬಗ್ಗಿಸಿತು, ಎರಡು ಹೆಜ್ಜೆ ಇಟ್ಟು ಮರೆಯಾಯಿತು. ನಾವು ಕಣಿವೆ ಇಳಿದು ಆಚೆ ಹತ್ತಲು ಐವತ್ತು ನಿಮಿಷ ಹಿಡಿಯಿತು. ಈಚೆಯಿಂದ ನೋಡಿದಾಗ ಗುರುತಾಗಿದ್ದ ‘ಒಂಟಿ ಒಣಮರದ ಎಡಗಡೆ’ ಎಂಬ ಜಾಗ ಆಚೆ ಹೋದಮೇಲೆ ಹತ್ತು ಒಣಮರಗಳ ನಡುವೆ ಕಳೆದುಹೋಯಿತು. ರಕ್ತದ ಮೊದಲ ಹನಿ ಕಂಡದ್ದು ಮೂರು ಗಂಟೆಯ ನಂತರ, ಅದೂ ಹಿಮದ ಮೇಲೆ ಇದ್ದುದರಿಂದ. ಕತ್ತಲಾಯಿತು. ಮರುದಿನ ಸಿಕ್ಕಿದಾಗ ಗುಂಡು ಹಿಂಬದಿಗೆ, ಹೊಟ್ಟೆಗೆ ಬಿದ್ದದ್ದು ತಿಳಿಯಿತು. ಮಾಂಸದ ಅರ್ಧಭಾಗ ಕೆಟ್ಟಿತ್ತು. ನನ್ನ ಯಜಮಾನರು ಆ ಋತುವಿನಲ್ಲಿ ಮತ್ತೆ ಕೋವಿ ಮುಟ್ಟಲಿಲ್ಲ.

ಹಿಂಬದಿಗೆ ಏಕೆ ಬಿತ್ತು ಎಂದರೆ ಗಾಳಿಯೂ ಕಾರಣವಲ್ಲ, ಕೋವಿಯೂ ಅಲ್ಲ. ಕೋವಿಯ ಕುದುರೆ (ಟ್ರಿಗರ್) ಎಳೆಯುವ ಕ್ಷಣದಲ್ಲಿ ಎಲ್ಕ್ ಮೇಯುತ್ತ ಒಂದು ಹೆಜ್ಜೆ ಮುಂದಿಟ್ಟಿತು. ಐನೂರು ಗಜ ದಾಟಲು .30-06 ಗುಂಡಿಗೆ ಹತ್ತಿರಹತ್ತಿರ ಮುಕ್ಕಾಲು ಸೆಕೆಂಡ್ ಬೇಕು. ಗಂಟೆಗೆ ಮೂರು ಮೈಲಿಯ ಸಾವಕಾಶದ ನಡಿಗೆಯಲ್ಲಿ ಪ್ರಾಣಿ ಅಷ್ಟರಲ್ಲಿ ಮೂರು ಅಡಿ ಸಾಗಿರುತ್ತದೆ. ಎಲ್ಕ್‌ನ ಶ್ವಾಸಕೋಶ ಮತ್ತು ಹೃದಯದ ಭಾಗವೋ, ಒಂದು ಅಡಿಯ ವೃತ್ತ. ನಿಮ್ಮ ಪಿಆರ್‌ಸಿ ಇದನ್ನು ಅರ್ಧ ಸೆಕೆಂಡಿನ ಆಸುಪಾಸಿಗೆ ತರಬಹುದು, ಪ್ರಾಣಿ ಎರಡು ಅಡಿಗೂ ಮಿಗಿಲಾಗಿ ಚಲಿಸುತ್ತದೆ. ಇದಕ್ಕೆ ಯಾವ ನಳಿಗೆಯಲ್ಲಿ ಮದ್ದಿದೆ?

ಥಿಯೋಡೋರ್ ರೂಸ್‌ವೆಲ್ಟ್ ಮತ್ತು ಗೆಳೆಯರು 1887ರಲ್ಲಿ ಕಟ್ಟಿದ ಬೂನ್ ಅಂಡ್ ಕ್ರೊಕೆಟ್ ಕ್ಲಬ್ ಈ ವಿಷಯದಲ್ಲಿ ತನ್ನ ನಿಲುವನ್ನು ಪ್ರಕಟಿಸಿದೆ. ಅದು ಗಜಗಳಲ್ಲಿ ಮಿತಿ ಹಾಕುವುದಿಲ್ಲ. ಸಲಕರಣೆಯನ್ನೂ ಗುರಿಗಾರಿಕೆಯನ್ನೂ ಪರೀಕ್ಷಿಸಲೆಂದೇ ಜೀವಂತ ಪ್ರಾಣಿಗೆ ದೂರದಿಂದ ಹೊಡೆಯುವುದನ್ನು ಬೇಟೆ ಎನ್ನಲಾಗದು ಎಂಬುದಷ್ಟೇ ಅದರ ತಾತ್ಪರ್ಯ. ಮಿತಿಯನ್ನು ಉದ್ದೇಶದಲ್ಲಿ ಹುಡುಕಿದ್ದು ನನಗೆ ಸರಿ ಎನಿಸಿತು.

ದೂರದ ಗುರಿ (ವಯೋಮಿಂಗ್)

ಮೇಡಂ, ನಡೆಯುತ್ತಿರುವ ಪ್ರಾಣಿಗೆ ಹೊಡೆಯಬಾರದು ಎಂಬುದು ನಮ್ಮವರ ಮೊದಲ ಪಾಠ. ಆದರೆ ನಿಂತ ಪ್ರಾಣಿ ಹೆಜ್ಜೆ ಎತ್ತಬಹುದೆಂಬ ನಿಮ್ಮ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ಅದು ಮಲಗಿರುವಾಗ ಅಥವಾ ಎದ್ದು ನಿಂತ ಕೂಡಲೇ ಹೊಡೆಯುತ್ತೇನೆ ಎನ್ನಬಲ್ಲೆ ಅಷ್ಟೇ. ಹೊಡೆದ ಜಾಗ ಕಳೆದುಹೋಗುವುದಕ್ಕೆ ಉಪಾಯವಿದೆ. ಹೊರಡುವ ಮೊದಲು ಫೋನಿನಲ್ಲಿ ಆಚೆ ಇಳಿಜಾರಿನ ಚಿತ್ರ ತೆಗೆದುಕೊಳ್ಳಬೇಕು, ಒಬ್ಬರು ಈಚೆಯೇ ಉಳಿದು ಕೈಸನ್ನೆಯಿಂದ ದಾರಿ ತೋರಿಸಬೇಕು.

ಹೊಸ ಸದಸ್ಯ (ಟೆಕ್ಸಾಸ್)

ಒಂದು ಚಿಕ್ಕ ಪ್ರಶ್ನೆ. ನಳಿಗೆಯ ತುದಿಗೆ ಮಝಲ್ ಬ್ರೇಕ್ ಹಾಕಿಸಿದರೆ ಒದೆತ ಕಡಿಮೆಯಾಗಿ ಗುರಿ ಸುಧಾರಿಸುತ್ತದೆ ಎನ್ನುತ್ತಾರೆ. ಇವರ ಕೋವಿಗೆ ಅದೊಂದನ್ನೇ ಮಾಡಿಸಬಾರದೇ?

ಲೇತ್ ಮೆಷಿನ್ (ಐಡಾಹೊ)

ಅದಕ್ಕೂ ಮೂಲ ನಳಿಗೆಯ ತುದಿಯಲ್ಲಿ ತಿರುಪಿನ ಗೆರೆ ಕೊರೆಯಬೇಕು. ಸಂಗ್ರಾಹಕರ ಬೆಲೆ ಅಲ್ಲಿಗೇ ಮುಗಿಯಿತು. ಒದೆತ ಕಡಿಮೆಯಾಗುವುದು ನಿಜ, ಆದರೆ ಸದ್ದು ಪಕ್ಕಕ್ಕೂ ಹಿಂದಕ್ಕೂ ತಿರುಗುತ್ತದೆ. ಬೇಟೆಯಲ್ಲಿ ಕಿವಿಗೆ ರಕ್ಷಣೆ ಇಲ್ಲದೆ ಹೊಡೆಯುವ ಒಂದೇ ಗುಂಡು ಸಾಕು, ಜೊತೆಗಿದ್ದವರ ಕಿವಿಗೆ ಹಾನಿ. ಒದೆತದ ಭಯವಿದ್ದರೆ ಹಿಡಿಯ ಹಿಂಬದಿಗೆ ಒಳ್ಳೆಯ ರಬ್ಬರ್ ಪ್ಯಾಡಿನ ಕವಚ ಹಾಕಿಕೊಳ್ಳಿ, ಬೇಡವೆನಿಸಿದರೆ ತೆಗೆಯಬಹುದು. ದಪ್ಪ ನಳಿಗೆ ಹಾಕಿ ತೂಕದಿಂದ ಒದೆತ ತಗ್ಗಿಸುತ್ತೇನೆ ಎನ್ನುವವರು ನಮ್ಮ ಐಡಾಹೊ ಕಡೆ ಬಂದರೆ ಗಮನಿಸಿ: ಇಲ್ಲಿ 16 ಪೌಂಡಿಗಿಂತ ಭಾರದ ಬಂದೂಕಿನಿಂದ ದೊಡ್ಡ ಪ್ರಾಣಿಗಳ ಬೇಟೆಯಾಡುವುದು ನಿಷಿದ್ಧ.

ಜೋಡಿ ನಳಿಗೆ (ಮಡಿಕೇರಿ)

ನಾನು ಕೊಡಗಿನವನು, ವಯಸ್ಸು ಎಪ್ಪತ್ತೆಂಟು. ಮಗ ಅಮೆರಿಕದಲ್ಲಿರುವುದರಿಂದ ಈ ವೇದಿಕೆಯನ್ನು ಓದುತ್ತಿರುತ್ತೇನೆ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ನಮ್ಮಲ್ಲಿ ಬೇಟೆಯ ಮಾತು ಮುಗಿಯಿತು. ಕೋವಿ ಈಗ ನಮ್ಮ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದಿನ ದಿನ ತೋಕ್ ಪೂ (ಕೋವಿ ಹೂವು) ಸಿಕ್ಕಿಸಿಕೊಂಡು ಪೂಜೆಗೆ ಕೂರುತ್ತದೆ, ಆಮೇಲೆ ತೆಂಗಿನಕಾಯಿಗೆ ಗುರಿ ಹಿಡಿಯುತ್ತದೆ. ಹಾಗಾಗಿ ನನ್ನ ಮಾತು ಹಳೆಯ ಕಾಲದ್ದು.

ನಮ್ಮ ಕಾಫಿ ತೋಟದಂಚಿನ ಕಾಡಿನಲ್ಲಿ ನಲವತ್ತು ಗಜದಾಚೆ ಏನೂ ಕಾಣುತ್ತಿರಲಿಲ್ಲ, ಆದ್ದರಿಂದ ಐನೂರು ಗಜದ ಪ್ರಶ್ನೆ ನಮಗೆ ಹುಟ್ಟಲೇ ಇಲ್ಲ. ಹತ್ತಿರ ಹೋಗುವುದು ನಮ್ಮ ದೊಡ್ಡಗುಣವೆಂದು ನಾನು ಹೇಳಿಕೊಳ್ಳಲಾರೆ, ಕಾಡು ಹಾಗಿತ್ತು. ನನಗೆ ನೆನಪಿರುವುದು ಬೇರೆ ಸಂಗತಿ. ನಮ್ಮ ಅಪ್ಪ ಹೊರಡುವಾಗ ನನ್ನ ಕೈಗೆ ಎರಡೇ ತೋಟೆ ಕೊಡುತ್ತಿದ್ದರು, ಮರಳಿದಾಗ ಲೆಕ್ಕ ಕೇಳುತ್ತಿದ್ದರು. ಉಳಿದ ತೋಟೆಗೆ ಬೈಗುಳವಿರಲಿಲ್ಲ. ಖಾಲಿ ತೋಟೆ ತಂದು ಹಂದಿ ತರದಿದ್ದರೆ ಮಾತ್ರ ಎಲ್ಲಿ ನಿಂತಿದ್ದೆ, ಅದು ಎಲ್ಲಿತ್ತು, ಏಕೆ ಹೊಡೆದೆ ಎಂದು ಊಟದ ಹೊತ್ತಿನಲ್ಲಿ ಎಲ್ಲರೆದುರು ಹೇಳಬೇಕಿತ್ತು.

ಕಣಿವೆಯ ತಮ್ಮ, ನೀವು ಅಂದು ಹೊಡೆಯದೆ ಬಂದಿರಲ್ಲ, ಅದರ ಲೆಕ್ಕ ಸರಿಯಾಗಿಯೇ ಇದೆ. ಅದನ್ನು ಸೋಲೆಂದುಕೊಂಡು ಕೋವಿ ಬಿಚ್ಚಲು ಹೊರಟಿದ್ದೀರಿ ಎಂದು ನನಗನಿಸುತ್ತದೆ. ಆದರೆ ಅಪ್ಪನ ಜಿಪುಣತನವನ್ನು ಅಭ್ಯಾಸದಲ್ಲಿ ಅನುಸರಿಸಬೇಡಿ. ನಿಮ್ಮಲ್ಲಿ ತೋಟೆ ಸಿಗುತ್ತದೆ, ಹಾಳೆಯ ಮೇಲೆ ಖರ್ಚು ಮಾಡಿ.

ಕಣಿವೆಯ ಕನ್ನಡಿಗ (ಕೊಲರಾಡೊ)

ಉತ್ತರಿಸಲು ಮೂರು ವಾರ ತಡವಾಯಿತು, ಕ್ಷಮಿಸಿ. ಹಿರಿಯರ ಕೊನೆಯ ಮಾತು ಓದಿದ ಮೇಲೆ ಬರಿಯ ಲೆಕ್ಕ ಹಾಕುವುದನ್ನು ಬಿಟ್ಟು ಪಾನಿ ಹುಲ್ಲುಗಾವಲಿನಲ್ಲಿ, ಗುಂಡು ಹಾರಿಸಲು ಅನುಮತಿ ಇರುವ ಜಾಗಕ್ಕೆ ಎರಡು ಶನಿವಾರ ಹೋಗಿದ್ದೆ.

ಮೊದಲು ‘ಲೇತ್ ಮೆಷಿನ್’ ಅವರು ಹೇಳಿದ ತಿರುಪು. ಬಿಗಿಯಾಗಿದ್ದಾಗ ನೂರು ಗಜದಲ್ಲಿ ಐದು ಗುಂಡುಗಳು ಎರಡೂಕಾಲು ಇಂಚಿನಲ್ಲಿ ಚೆದರಿದ್ದವು. ಸಡಿಲಿಸಿದ ಮೇಲೆ ಒಂದೂವರೆ ಇಂಚಿಗೆ ಬಂದವು. ತಮಗೆ ಹೇಗೆ ಧನ್ಯವಾದ ಹೇಳಬೇಕೋ ತಿಳಿಯದು.

ಆನಂತರ ಒಂಬತ್ತು ಇಂಚಿನ ಕಾಗದದ ತಟ್ಟೆಗಳನ್ನು 200, 300, 400 ಗಜದಲ್ಲಿ ನಿಲ್ಲಿಸಿದೆ. ಮೇಜು ಇಲ್ಲ. ಪ್ರತಿ ಗುಂಡಿಗೂ ಮೊದಲು ಖಾಲಿ ಕೋವಿಯನ್ನು ಹಿಡಿದು ಇನ್ನೂರು ಹೆಜ್ಜೆ ಬಿರುಸಾಗಿ ನಡೆದು ಬಂದು, ಬೆನ್ನಚೀಲದ ಮೇಲೆ ಕೋವಿ ಊರಿ, ಅರ್ಧ ನಿಮಿಷದೊಳಗೆ ಒಂದೇ ಗುಂಡು. ಪ್ರತಿ ದೂರಕ್ಕೆ ಹತ್ತು. ಹಳೆಯ ಮಾಡೆಲ್ 70ರಿಂದ 200 ಗಜದಲ್ಲಿ ಹತ್ತಕ್ಕೆ ಹತ್ತೂ ತಟ್ಟೆಗೆ ಬಿದ್ದವು, 300ರಲ್ಲಿ ಎಂಟು, 400ರಲ್ಲಿ ನಾಲ್ಕು. ಮರುವಾರ ಗೆಳೆಯರ 6.5 ಕ್ರೀಡ್‌ಮೂರ್ ರೈಫಲನ್ನು, ಅಂದರೆ ತಿರುಗುಗುಂಡಿಯ ದುಬಾರಿ ಸ್ಕೋಪ್ ಇರುವ, ಮೇಜಿನ ಮೇಲೆ ನೂರು ಗಜದಲ್ಲಿ ಮುಕ್ಕಾಲು ಇಂಚಿಗೆ ಗುಂಡು ಕೂಡಿಸುವ ಆ ಕೋವಿಯನ್ನು, ಅವರೆದುರಿಗೇ ಇದೇ ರೀತಿ ಹೊಡೆದೆ. ಹತ್ತು, ಒಂಬತ್ತು, ಐದು.

ಆ ಮೂರು ಅಂಕಿಗಳನ್ನು ಕಾರಿನಲ್ಲಿ ಕೂತು ಬಹಳ ಹೊತ್ತು ನೋಡಿದೆ. ಎರಡೂವರೆ ಸಾವಿರ ಡಾಲರ್ ಖರ್ಚು ಮಾಡಿ, ಹಿರಿಯರ ಕೋವಿಯನ್ನು ಕೊರೆಸಿ ನಾನು ಕೊಳ್ಳಲಿದ್ದದ್ದು ಮುನ್ನೂರರಲ್ಲಿ ಒಂದು ತಟ್ಟೆ ಮತ್ತು ನಾನೂರರಲ್ಲಿ ಒಂದು ತಟ್ಟೆ. ಗೆಳೆಯರ ಕೋವಿಯಿಂದ ನಾನೂರರಲ್ಲಿ ತಪ್ಪಿದ ಐದರಲ್ಲಿ ಮೂರು ಬಲಕ್ಕೆ ಹೋಗಿದ್ದವು. ಗಾಳಿ ನಿಂತಿತೆಂದು ನಾನು ಭಾವಿಸಿದ್ದಾಗ ಅದು ತಟ್ಟೆಯ ಹತ್ತಿರ ನಿಂತಿರಲಿಲ್ಲ.

ದೂರದ ಗುರಿ (ವಯೋಮಿಂಗ್)

ಪ್ರಾಮಾಣಿಕವಾಗಿ ಅಂಕಿ ಕೊಟ್ಟಿದ್ದೀರಿ, ಮೆಚ್ಚಿದೆ. ಆದರೂ ಎರಡು ಆಕ್ಷೇಪಗಳಿವೆ. ಹತ್ತು ಗುಂಡುಗಳು ತೀರ ಕಡಿಮೆ, ನಾಲ್ಕಕ್ಕೂ ಐದಕ್ಕೂ ಇರುವ ವ್ಯತ್ಯಾಸದಿಂದ ಏನನ್ನೂ ತೀರ್ಮಾನಿಸಲಾಗದು. ಎರಡನೆಯದಾಗಿ, ಎರವಲು ಕೋವಿಯನ್ನು ಒಂದು ಬೆಳಿಗ್ಗೆ ಹಿಡಿದು ಅದರ ಗುಣ ಅಳೆಯುವುದು ಅನ್ಯಾಯ. ಒಂದು ಬೇಸಿಗೆ ಪೂರ್ತಿ ಅದರ ಜೊತೆ ಕಳೆದರೆ ಐದು ಎಂಟಾಗಬಹುದು.

ಮಿಸ್ಸೌಲಾ ಅಮ್ಮ (ಮೊಂಟಾನಾ)

ಹಳೆಯ ಕೋವಿಯ ಜೊತೆ ಒಂದು ಬೇಸಿಗೆ ಕಳೆದರೂ ನಾಲ್ಕು ಏಳಾಗಬಹುದಲ್ಲವೇ?

ದೂರದ ಗುರಿ (ವಯೋಮಿಂಗ್)

ಆಗಬಹುದು. ಅದನ್ನು ಅಲ್ಲಗಳೆಯುವುದಿಲ್ಲ.

ಕಣಿವೆಯ ಕನ್ನಡಿಗ (ಕೊಲರಾಡೊ)

ತೀರ್ಮಾನ ಹೀಗಾಗಿದೆ. ನಳಿಗೆ, ಬೋಲ್ಟ್, ಸ್ಟಾಕ್ ಯಾವುದನ್ನೂ ಮುಟ್ಟಿಸುವುದಿಲ್ಲ. ಯುದ್ಧಾನಂತರದ ಮಾಡೆಲ್ 70 ಆದ್ದರಿಂದ ಸ್ಕೋಪಿನ ರಂಧ್ರಗಳು ಕಾರ್ಖಾನೆಯವೇ ಇವೆ. ಅವುಗಳಿಗೇ 3-9 ಪಟ್ಟಿನ ಹಗುರ ಸ್ಕೋಪ್ ಕೂರಿಸುತ್ತೇನೆ. ಹಳೆಯ ಸ್ಕೋಪಿನ ಮಸೂರದೊಳಗೆ ಮಂಜು ಕಟ್ಟಲು ಆರಂಭಿಸಿತ್ತು, ಹೇಗೂ ಬದಲಿಸಬೇಕಿತ್ತು. ಗುರಿಯನ್ನು 200ರ ಬದಲು ಸುಮಾರು 225 ಗಜಕ್ಕೆ ಕಟ್ಟಿದರೆ ಗುಂಡು 265 ಗಜದವರೆಗೂ ಗೆರೆಯಿಂದ ಮೂರು ಇಂಚಿಗಿಂತ ಮೇಲೂ ಕೆಳಗೂ ಹೋಗುವುದಿಲ್ಲ, ಅಲ್ಲಿಯವರೆಗೆ ಏನನ್ನೂ ತಿರುಗಿಸಬೇಕಿಲ್ಲ. ಎಲ್ಕ್‌ಗೆ ಈ ವರ್ಷದ ನನ್ನ ಮಿತಿ 300 ಗಜ, ಅದೂ ಗಾಳಿ ಇಲ್ಲದಿದ್ದರೆ. ಬೇಸಿಗೆಯಲ್ಲಿ ತಟ್ಟೆಗಳ ಲೆಕ್ಕ ಸುಧಾರಿಸಿದರೆ ಮಿತಿಯನ್ನು ಮತ್ತೆ ನೋಡುತ್ತೇನೆ, ಸುಧಾರಿಸದಿದ್ದರೆ ಇಲ್ಲ. ‘ದೂರದ ಗುರಿ’ಯವರ ಆಕ್ಷೇಪವನ್ನು ಗೌರವಿಸಿ ಪ್ರತಿ ದೂರಕ್ಕೆ ಮೂವತ್ತು ಗುಂಡುಗಳ ಹಾಳೆ ಇಡುತ್ತೇನೆ.

ಉಳಿದ ಹಣದಲ್ಲಿ ತೋಟೆಗಳ ಜೊತೆಗೆ ಮಂಡಿಯ ಕೆಳಗೆ ಗಟ್ಟಿಯಾಗಿ ನಿಲ್ಲುವ ಒಂದು ಜೊತೆ ಬೂಟು ಕೊಂಡೆ. ಕಳೆದ ವರ್ಷ ಆ ಕಣಿವೆಯಲ್ಲಿ ಇಳಿಯುವಾಗ ನಾನು ಎರಡು ಸಲ ಜಾರಿದ್ದೆ, ಎರಡನೆಯ ಸಲದ ಕಲ್ಲಿನ ಸದ್ದಿಗೇ ಆ ಎಲ್ಕ್ ತಲೆ ಎತ್ತಿದ್ದು. ಇದನ್ನು ಮೊದಲ ಬರಹದಲ್ಲಿ ಹೇಳಿರಲಿಲ್ಲ.

ಜೋಡಿ ನಳಿಗೆ (ಮಡಿಕೇರಿ)

ಬೂಟಿನ ಅಡಿಗೆ ಯಾವ ಜಾತಿಯ ರಬ್ಬರು? ಮಗನಿಗೂ ಹೇಳಬೇಕಾಗಿದೆ.